ಸೇರು

ಮಂಡಕ್ಕಿಯನ್ನು ನಾವು ತೂಗುವುದಿಲ್ಲ, ಅಳೆಯುತ್ತೇವೆ.
ತಕ್ಕಡಿಗೆ ಹಾಕಿದರೆ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ,
ಮೂಟೆ ತುಂಬ ಗಾಳಿ.
ಅಬ್ಬಾ ಭಟ್ಟಿಯಲ್ಲಿ ಸೇರಿಗೆ ಗೋಪುರವಾಗುವಂತೆ ಸುರಿದು
ಅಂಗೈಯಿಂದ ಒಮ್ಮೆ ಸವರುತ್ತಿದ್ದರು:
ನಿಂತದ್ದು ಗಿರಾಕಿಯದು, ಉದುರಿದ್ದು ನಮ್ಮದು.
ಮನೆ ಕೊಳ್ಳಲು ಹೊರಟಿದ್ದೇನೆ ಈಗ.
ಯಾವುದನ್ನು ಅಳೆಯಲಿ, ಯಾವುದನ್ನು ತೂಗಲಿ?

ವಿದ್ಯಾನಗರದ್ದು ಇಪ್ಪತ್ತು-ಮೂವತ್ತರ ಸೈಟು.
ಬಚ್ಚಲಲ್ಲಿ ಸೋಪು ತೆಗೆಯಲು ಹೋದರೆ
ಮೊಣಕೈ ಗೋಡೆಗೆ ಬಡಿಯುತ್ತದೆ.
ಎಪ್ಪತ್ತೆರಡು ಲಕ್ಷ.
ದಲ್ಲಾಳಿ ಹಾಲೇಶಪ್ಪ ಅಡುಗೆಮನೆ ತೋರಿಸಲೇ ಇಲ್ಲ,
ಸೀದಾ ಟೆರೇಸಿಗೆ ಹತ್ತಿಸಿ ಎದುರಿನ ಸ್ಕೂಲು ತೋರಿಸಿದ.
"ನೋಡ್ರಿ ಮೇಡಮ್ಮೋರೆ, ಬೆಲ್ ಹೊಡೆದ್ಮೇಲೆ ಮನಿ ಬಿಟ್ರೂ
ಪ್ರೇಯರ್‌ಗೆ ನಿಂತಿರ್ತಾಳೆ ನಿಮ್ ಹುಡುಗಿ."
ಗಂಟೆಯ ಸದ್ದಿಗೆ ಚದರಡಿಗೆ ಎಷ್ಟು
ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಜಬೀವುಲ್ಲಾ ರಾತ್ರಿ ಮಾಲೀಕರಿಗೆ ಫೋನು ಮಾಡಿದ.
ಹೆಸರು ಹೇಳಿದ.
ಆಚೆ ಕಡೆ ಸಣ್ಣದೊಂದು ಕೆಮ್ಮು.
ಬೆಳಗ್ಗೆ ಎಪ್ಪತ್ತೈದು ಆಗಿತ್ತು.
ಆ ಬಗ್ಗೆ ಇಬ್ಬರೂ ಮಾತಾಡಲಿಲ್ಲ.
ಕ್ಯಾಲ್ಕ್ಯುಲೇಟರಿನಲ್ಲಿ ಎರಡರ ಜಾಗಕ್ಕೆ ಐದು ಒತ್ತಿದೆ, ಅಷ್ಟೆ.

ಆವರಗೆರೆ ಕಡೆಯದು ಮೂವತ್ತು-ನಲವತ್ತು, ಮೂವತ್ತೆಂಟು ಲಕ್ಷ,
ಹಿತ್ತಲಲ್ಲಿ ನುಗ್ಗೆಮರ, ಒಗೆಯುವ ಕಲ್ಲಿಗೆ ಬಿಸಿಲು.
ಶನಿವಾರ ಒಬ್ಬಳೇ ಅಲ್ಲಿಯ ಸರ್ಕಾರಿ ಶಾಲೆಗೆ ಹೋದೆ.
ನಾಲ್ಕನೇದು, ಐದನೇದು ಒಂದೇ ಕೋಣೆ,
ಬೋರ್ಡಿನ ನಡುವೆ ಸೀಮೆಸುಣ್ಣದ ಗಡಿ.
ಕೊಟ್ರಮ್ಮ ಟೀಚರು ಆ ಕಡೆ ಭಿನ್ನರಾಶಿ ಹೇಳುತ್ತ
ಈ ಕಡೆ ಕಾಗುಣಿತ ತಿದ್ದುತ್ತಿದ್ದರು,
ಎರಡು ಒಲೆಗೆ ಒಬ್ಬಳೇ ಊದುವವಳ ಹಾಗೆ.
ಶಾಲೆ ಹೆಂಗೈತ್ರಿ, ಅಂದೆ.
ಡಸ್ಟರು ಕೊಡವಿದರು. "ನನ್ ಮಗ ವಿದ್ಯಾನಗರದಾಗ ಓದ್ತಾನೆ."
ಆಮೇಲೆ, ನಾನೇನೋ ಅಂದೆನೆಂಬಂತೆ:
"ಹಂಗಂತ ಇಲ್ಲಿ ಕಡಿಮಿ ಕಲಿಸಂಗಿಲ್ರಿ ನಾನು."
ಎರಡೂ ನಿಜವೆಂದು ಅವರ ಕಣ್ಣಿನ ಕೆಳಗಿನ ಕಪ್ಪು ಹೇಳುತ್ತಿತ್ತು.

ಸಾಲ ಇಪ್ಪತ್ತು ವರ್ಷದ್ದು.
ಮಿಸ್ಬಾ ಮೂರನೇ ಕ್ಲಾಸು ಮುಗಿಸಿದ್ದಾಳೆ,
ಹತ್ತನೇದಕ್ಕೆ ಇನ್ನೇಳು ವರ್ಷ.
ಉಳಿದ ಹದಿಮೂರು ವರ್ಷ
ಬೇರೆಯವರ ಮಕ್ಕಳಿಗೆ ಹೊಡೆಯುವ ಗಂಟೆಗೆ
ನಾವು ಕಂತು ಕಟ್ಟುತ್ತಿರುತ್ತೇವೆ.
ಆವರಗೆರೆಯಾದರೆ ಜಬೀವುಲ್ಲಾ ಏಳಕ್ಕೆ ಷಟರ್ ಎಳೆದು ಬಂದು
ಮಗ್ಗಿ ಕೇಳಬಹುದು. ವಿದ್ಯಾನಗರವಾದರೆ ಹತ್ತೂವರೆ.
ಅಷ್ಟೊತ್ತಿಗೆ ಅವಳ ಹದಿಮೂರರ ಮಗ್ಗಿ ನಿದ್ದೆ ಹೋಗಿರುತ್ತದೆ.

"ಭಟ್ಟಿ ಹಿಂದಿನ ಶಾಲೆಗೇ ಹಾಕಿದ್ವಿ ನಿನ್ನ,
ಏನ್ ಕೆಟ್ಟೆ ನೀನು?" ಅಂದಳು ಅಮ್ಮಿ.
ಏನೂ ಇಲ್ಲ, ಅಂದೆ.
ಬ್ಯಾಂಕಿನಲ್ಲಿ ಲೋನಿನ ಫಾರಂ ಮುಂದಿಟ್ಟಾಗ
ಪುಟವೆಲ್ಲ ಇಂಗ್ಲಿಷು,
ಕನ್ನಡಕ ಮರೆತು ಬಂದೆ ಎಂದು ಎದ್ದು ಬಂದದ್ದನ್ನು ಹೇಳಲಿಲ್ಲ.
ನನಗೆ ಕನ್ನಡಕವಿಲ್ಲ.

ಭಾನುವಾರ. ಎರಡು ಮನೆಯ ಕಾಗದಗಳೂ ಚಾಪೆಯ ಮೇಲೆ,
ಫ್ಯಾನಿಗೆ ಹಾರದಂತೆ ಮಿಸ್ಬಾ ಅವುಗಳ ಮೇಲೆ ಸೇರು ಇಟ್ಟಿದ್ದಾಳೆ.
ಖಾಲಿಯಿದ್ದರೆ ನಿಲ್ಲುವುದಿಲ್ಲವೆಂದು
ಬೊಗಸೆ ಬೊಗಸೆ ಮಂಡಕ್ಕಿ ಸುರಿದಿದ್ದಾಳೆ, ಗೋಪುರ.
ಅಬ್ಬಾನ ಹಾಗೆ ಅಂಗೈ ಚಾಚಿದೆ.
ಕೈ ಸೇರಿನ ಮೇಲೆಯೇ ನಿಂತಿತು,
ಗೇಣು ಎತ್ತರದಲ್ಲಿ.
ಇವಳೋ ಕೆಳಗೆ ಫ್ರಾಕು ಹರಡಿ ಕೂತು ಕಾಯುತ್ತಿದ್ದಾಳೆ:
"ಬೇಗ ಸವರು ಮಮ್ಮಿ, ಉದುರಿದ್ದು ನಂದು."