ಒಂಬತ್ತನೆಯ ಹಾಳೆ

ಮಂಗಳವಾರ ಸಂಜೆ ಟ್ರಾಮಿಳಿದು
ತ್ರೆಶ್ನ್ಯೆವ್ಕಾದ ಆ ನೆಲಮಾಳಿಗೆಗೆ ಹೋಗುತ್ತೇನೆ.
ಹಾಲುಗಾಜಿನ ಮೇಜು, ಅದರ ಹೊಟ್ಟೆಯಲ್ಲೊಂದು ದೀಪ,
ಮೂರು ತೂತಿನ ಹಾಳೆಗಳ ಕಟ್ಟು,
ಅವು ಜರುಗದಂತೆ ಹಿಡಿಯಲು ಮೂರು ಗೂಟ.
ಮೇಷ್ಟ್ರು ತ್ವರ್ತ್ಕೊ, ನನ್ನ ಮಗಳಿಗಿಂತ ಚಿಕ್ಕವನು,
ಮೊದಲ ದಿನವೇ ಅಂದ:
"ಮನುಷ್ಯರು ಆಮೇಲೆ. ಮೊದಲು ಚೆಂಡು."

ನಗು ಬಂತು.
ಹತ್ತೊಂಬತ್ತು ವರ್ಷ ಚೆಂಡಿನ ಮುಂದೆಯೇ ನಿಂತವಳು ನಾನು,
ಹ್ಯಾಂಡ್‌ಬಾಲ್ ಗೋಲಿನ ಬಾಯಲ್ಲಿ ಕೈಕಾಲು ಚಾಚಿ
ಮೂಗು ಒಂದು ಸಲ, ಬೆರಳು ಐದು ಸಲ
ಅದಕ್ಕೇ ಒಪ್ಪಿಸಿದವಳು.
ಆ ಬೆರಳಲ್ಲೇ ಈಗ ಪೆನ್ಸಿಲು;
ಕಿರುಬೆರಳು ಇನ್ನೂ
ಬೇರೆ ಯಾವುದೋ ಊರಿನ ದಾರಿ ತೋರಿಸುತ್ತದೆ.

ಬಿಡಿಸಲು ಕೂತಾಗ ಗೊತ್ತಾಯಿತು:
ಚೆಂಡನ್ನು ನಾನು ಪಕ್ಕದಿಂದ ನೋಡಿಯೇ ಇಲ್ಲ.
ನನಗೆ ಅದು ಯಾವಾಗಲೂ ಎದುರಿಂದ ಬರುವ ದುಂಡು,
ಸಾಸಿವೆ, ನಿಂಬೆ, ಕಿತ್ತಳೆ, ಆಮೇಲೆ ಮುಖ.
ಅದಕ್ಕೊಂದು ಬಾಗಿದ ದಾರಿಯಿದೆ,
ತುದಿಗೆ ಹೋದಾಗ ಅದೂ ಒಂದು ಗಳಿಗೆ
ಏನೋ ಮರೆತವರಂತೆ ನಿಲ್ಲುತ್ತದೆ ಎಂಬುದು
ಗ್ಯಾಲರಿಯಲ್ಲಿ ಕುಂಬಳಬೀಜ ಸುಲಿಯುತ್ತ ಕೂತವರಿಗೆಲ್ಲ ಗೊತ್ತಿತ್ತು,
ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಮೇಲೆ ಒತ್ತೊತ್ತಾಗಿ ಬಿಡಿಸಿ,
ಇಳಿಯುತ್ತ ಇಳಿಯುತ್ತ ದೂರ ದೂರ ಇಡಿ.
ಸೆಕೆಂಡಿಗೆ ಹನ್ನೆರಡು ಚಿತ್ರ ಸಾಕು,
ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ."
ಒತ್ತೊತ್ತಾಗಿ ಇಟ್ಟೆ. ದೂರ ದೂರ ಇಟ್ಟೆ.
ಹಾಳೆ ತಿರುವಿದರೆ ನನ್ನ ಚೆಂಡು
ಸೋಪಿನ ಗುಳ್ಳೆಯಂತೆ ಇಳಿದು, ನೆಲಕ್ಕೆ ಹೆದರಿ
ವಾಪಸು ಹೋಯಿತು.
ತೂಕವೇ ಇಲ್ಲ.
ಅಳಿಸಿದೆ, ಬಿಡಿಸಿದೆ; ರಬ್ಬರಿನ ಕೊಳೆ ಸ್ವೆಟರಿನ ತುಂಬ.
ಮೂರು ಮಂಗಳವಾರ ಹೀಗೇ.

ನಾಲ್ಕನೆಯ ವಾರ ಅವನು
ನನ್ನ ಕಟ್ಟನ್ನು ಇಸ್ಪೀಟಿನಂತೆ ಹರವಿ ಎಣಿಸಿದ.
"ಎಂಟು ಇದೆ, ನೆಲಕ್ಕಿನ್ನೂ ಒಂದು ಬೆರಳು ಬಾಕಿ.
ಹತ್ತು ಇದೆ, ಆಗಲೇ ಮೇಲೆದ್ದಿದೆ.
ಒಂಬತ್ತು ಎಲ್ಲಿ, ದುಬ್ರಾವ್ಕಾ?
ಮುಟ್ಟಿದ್ದನ್ನು ನೀವು ಬಿಡಿಸಿಯೇ ಇಲ್ಲ."

ಮುಟ್ಟಿದ್ದನ್ನು ನಾನು ನೋಡಿಯೇ ಇಲ್ಲ, ಹುಡುಗಾ.
ಅವನಿಗೆ ಹೇಳಲಿಲ್ಲ.
ತ್ಸೆಲ್ಯೆಯಲ್ಲಿ ಕೊನೆಯ ನಿಮಿಷ, ಇಬ್ಬರದೂ ಇಪ್ಪತ್ತೊಂದು,
ರಾಳ ಮೆತ್ತಿದ ಚೆಂಡು, ಎಡಗೈಯ ಹುಡುಗಿ,
ನನ್ನ ಬಲಗಾಲಿನ ಮುಂದೆ ನೆಲಕ್ಕೆ ಬಡಿದಳು.
ಎಸೆದದ್ದು ನೋಡಿದೆ. ಬಲೆ ಅಲುಗಿದ್ದು ಕೇಳಿದೆ.
ನಡುವೆ ಕಣ್ಣು ಮುಚ್ಚಿದ್ದೆ,
ಅದೂ ಎಷ್ಟು, ಒಂದು ಹಾಳೆಯಷ್ಟು.
ಬಸ್ಸಿನಲ್ಲಿ ಯಾರೂ ಏನೂ ಅನ್ನಲಿಲ್ಲ.
ಸೇಬು ಹೆಚ್ಚಿ ಕೊಟ್ಟರು. ಅದೇ ಹೆಚ್ಚು ನೋಯಿಸಿತು.

ಹೊಸ ಹಾಳೆ ಗೂಟಕ್ಕೆ ಸಿಕ್ಕಿಸಿದೆ.
ದೀಪದಲ್ಲಿ ಎಂಟೂ ಹತ್ತೂ ಮಸುಕಾಗಿ ಕಂಡವು,
ನಡುವಿನ ಜಾಗ ಖಾಲಿ.
ಒತ್ತಿ ಬಿಡಿಸಿದೆ. ಅಂಗೈ ಒತ್ತಿದ ಹಿಟ್ಟಿನುಂಡೆಯಂತೆ
ಚಪ್ಪಟೆ, ಎರಡೂ ಬದಿಗೆ ಉಬ್ಬಿ
("ಎತ್ತರದಲ್ಲಿ ಕಳೆದದ್ದನ್ನು ಅಗಲದಲ್ಲಿ ಕೊಡಿ,
ಒಳಗಿನ ಗಾಳಿ ಅಷ್ಟೇ ಇರಬೇಕು")
ನೆಲವನ್ನು ಹೊಟ್ಟೆಯಿಂದ ಅಪ್ಪಿಕೊಂಡ ಚೆಂಡು.
ಎಷ್ಟು ಕುರೂಪ. ಎಷ್ಟು ಭಾರ!

ತಿರುವಿದೆ.
ಹಾಳೆಗಳ ಸರಪರದ ನಡುವೆ
ಟಪ್,
ನನಗಂತೂ ಕೇಳಿಸಿತು.

ಆಮೇಲಿನದು ತಾನಾಗಿ ಬಂತು, ಪುಟಿತ ಗಿಡ್ಡವಾಗುತ್ತ,
ಉರುಳುತ್ತ, ಮೂವತ್ತೊಂದನೆಯ ಹಾಳೆಯಲ್ಲಿ
ಅಂಚು ದಾಟಿ ಕಾಣೆಯಾಯಿತು.
"ಚೌಕಟ್ಟಿನ ಹೊರಗೆ ಹೋಗಿಬಿಟ್ಟಿದೆ,"
ಎಂದ ತ್ವರ್ತ್ಕೊ, ಕೈಯಲ್ಲಿ ಕಾಫಿ ಲೋಟ.

ಹೋಗಲಿ ಬಿಡು ಅಂದೆ.
ನಮ್ಮ ಆಟದಲ್ಲಿ ಹಿಂದಿನ ಗೆರೆ ದಾಟಿದ ಚೆಂಡು
ಗೋಲ್‌ಕೀಪರಿನದು.
ಅವಳೇ ಹೋಗಿ ತರಬೇಕು.