ದೀಪದೆಣ್ಣೆ

ಚಿಲೋಯೆ ದ್ವೀಪಗಳ ಈ ತುದಿಗೆ
ನನ್ನ ಪಾಳಿ ಎರಡು ತಿಂಗಳಿಗೊಮ್ಮೆ.
ಈ ಸಲ ಮೂರು ದಿನ ಮಂಜು;
ದೋಣಿಯವನು ಲಂಗರು ಎತ್ತಲಿಲ್ಲ.
ಎಲೆಯುತೇರಿಯೊ ಅಷ್ಟು ಕಾಯಲಿಲ್ಲ.

ದಂಡೆಯಲ್ಲಿ ದೊಮಿತಿಲಾ ಗುವೆಂತೆಯೊ ನಿಂತಿದ್ದಳು,
ಸೊಂಟದಲ್ಲಿ ಇಗರ್ಜಿಯ ಬೀಗದ ಕೈ,
ಕೈಯಲ್ಲಿ ನನಗೆಂದು ತಂದ ಒಣ ಕಾಲುಚೀಲ.
"ಮಣ್ಣು ಮಾಡಿದೆವು ಫಾದರ್, ನಿನ್ನೆ,
ಮಳೆ ನಿಂತ ಹೊತ್ತು ನೋಡಿ."

ಇಲ್ಲಿ ಅವಳನ್ನು ಫಿಸ್ಕಾಲ್ ಎನ್ನುತ್ತಾರೆ.
ಪಾದ್ರಿಗಳು ವರ್ಷಕ್ಕೊಮ್ಮೆ
ಹುಟ್ಟು ಹಾಕಿಕೊಂಡು ಬರುತ್ತಿದ್ದ ಕಾಲದಿಂದ
ಊರಿಗೊಬ್ಬರು ಹೀಗೆ:
ಹುಟ್ಟಿದ್ದಕ್ಕೆ ನೀರು ಹಾಕಿ, ಸತ್ತದ್ದಕ್ಕೆ ಮಣ್ಣು ಹಾಕಿ
ನಡುವಿನದಕ್ಕೆ ನಮ್ಮನ್ನು ಕಾಯುವವರು.

ಅವಳ ಲ್ಯಾಟಿನ್ ಕೇಳಿದ್ದೇನೆ.
ವಿಭಕ್ತಿ ಇಲ್ಲ, ಕ್ರಿಯಾಪದ ಅರ್ಧ ನೀರಲ್ಲಿ;
ಅಜ್ಜನ ಬಾಯಿಂದ ಚಿಕ್ಕಪ್ಪನ ಬಾಯಿಗೆ, ಅಲ್ಲಿಂದ ಇವಳಿಗೆ
ಉರುಳಿ ಉರುಳಿ ನುಣುಪಾದ ಮಾತು.
ಗುರುಮಠದಲ್ಲಿ ಲ್ಯಾಟಿನ್ನಿಗೆ ನಾನೇ ಮೊದಲಿಗ.
ಬಂದ ವರ್ಷ ತಿದ್ದಲು ಹೋದೆ.
ತಲೆಯಾಡಿಸಿ ಎಲ್ಲ ಕೇಳಿಸಿಕೊಂಡು
ಸಂಜೆ ಮತ್ತೆ ತನ್ನಂತೆಯೇ ಹಾಡಿದಳು.
ಮುದುಕರು ಅಳುವುದು
ಆ ತಪ್ಪಿನ ಹತ್ತಿರ ಬಂದಾಗಲೇ.

ಒಲೆಯ ಪಕ್ಕ ಆಲೂಗಡ್ಡೆಯ ರೊಟ್ಟಿ ಮುರಿಯುತ್ತ
ದನಿ ತಗ್ಗಿಸಿದಳು:
"ಎಣ್ಣೆ ಇರಲಿಲ್ಲ ಫಾದರ್.
ದೀಪದ್ದೇ ಎರಡು ಹನಿ, ಅವನ ಹಣೆಗೆ, ಅಂಗೈಗೆ.
ತಪ್ಪಾಯಿತೆ?"

ನಿಯಮ ನನಗೆ ಬಾಯಿಪಾಠ.
ಹರಸಿದ ಎಣ್ಣೆ, ಗುರುವಿನ ಬೆರಳು,
ಎರಡರಲ್ಲಿ ಒಂದಿಲ್ಲದಿದ್ದರೂ ಅದು ಸಂಸ್ಕಾರವಲ್ಲ.
ಹರಸಿದ ಎಣ್ಣೆ ನನ್ನ ಚೀಲದಲ್ಲಿತ್ತು,
ಬೆಳ್ಳಿಯ ಭರಣಿಯಲ್ಲಿ,
ಮೂರು ದಿನವೂ, ಆಚೆ ದಡದ ಹೋಟೆಲಿನಲ್ಲಿ,
ನಾನು ಇಸ್ಪೀಟಾಡುತ್ತಿದ್ದ ಮೇಜಿನ ಕೆಳಗೆ.

ಎಲೆಯುತೇರಿಯೊ ಬಡಗಿ. ಕಳೆದ ಸಲ
ಇಗರ್ಜಿಯ ಎಡಗಂಬ ತಟ್ಟಿ ನಕ್ಕಿದ್ದ:
"ಒಳಗೆಲ್ಲ ಹುಳ ತಿಂದಿದೆ ಫಾದರ್,
ಬಣ್ಣವೇ ಕಂಬವನ್ನು ಹಿಡಿದುಕೊಂಡಿದೆ."
ನಾನೂ ನಕ್ಕೆ. ಅವನಿಗೆ ಹೇಳಲಿಲ್ಲ,
ಕೆಲವು ಬೆಳಗು ನನ್ನನ್ನೂ
ನಿಲುವಂಗಿಯೇ ನಿಲ್ಲಿಸಿರುತ್ತದೆ ಎಂದು.
ಹೇಳಬಹುದಿತ್ತು.
ಬಡಗಿಗೆ ಏನಾದರೂ ಉಪಾಯ ಗೊತ್ತಿರುತ್ತಿತ್ತು.

ಅವಳಿನ್ನೂ ಕಾಯುತ್ತಿದ್ದಳು.
ಒಲೆಯಂಚಿನಲ್ಲಿ ನನ್ನ ಒದ್ದೆ ಬೂಟು ಹಬೆಯಾಡುತ್ತಿತ್ತು.
ಇಲ್ಲ ಎಂದರೆ ನಾನು ಓದಿದ್ದು ಸುಳ್ಳು,
ಹೌದು ಎಂದರೆ ನಾನು ಬಂದದ್ದು.

"ಅವನೇನೆಂದ?" ಕೇಳಿದೆ.
"ತಣ್ಣಗಿದೆ ಅಂದ. ಆಮೇಲೆ
ಇನ್ನೊಂದು ಕೈ ಚಾಚಿದ."

ಸಂಜೆ ಬಲಿಪೂಜೆಗೆ ಹನ್ನೊಂದು ಜನ, ಒಂದು ನಾಯಿ.
ಪೂಜೆ ಮುಗಿದು, ಕೆಳಗಿಳಿದು,
ತೀರಿಕೊಂಡವರ ಹೆಸರು ಹೇಳುವಲ್ಲಿ
ನನ್ನ ದನಿ ಸಿಕ್ಕಿಕೊಂಡಿತು.
ಅವಳು ಎತ್ತಿಕೊಂಡಳು, ಅದೇ ಮುರುಕು ಲ್ಯಾಟಿನ್ನಿನಲ್ಲಿ;
ನಾನು ಹಿಂದೆ ಹಿಂದೆ ಹೋದೆ,
ಅವಳು ತಪ್ಪಿದ ಕಡೆ ತಪ್ಪುತ್ತ,
ಎಡಗಂಬದ ಪಕ್ಕದಲ್ಲೇ ನಿಂತು,
ಒರಗದ ಹಾಗೆ.