ಕೆಳಗಿನ ಪೈಪು

ಮಸಾವಾದ ಕಡಲಿಂದ ಅಸ್ಮಾರಾದ ನೆತ್ತಿಗೆ
ಏಳೂವರೆ ಸಾವಿರ ಅಡಿ ಏರು.
ನೆಫಾಸಿತ್ ದಾಟಿ ಮೂರನೇ ತಿರುವು,
ಪ್ರತಿ ಸಲವೂ ಅಲ್ಲೇ,
ಲೆತೆಬ್ರಹಾನಳ ಫಿಯೆಟ್ಟಿನ ಮುಳ್ಳು ಕೆಂಪಿಗೆ ತಾಗುತ್ತದೆ,
ಬಾನೆಟ್ಟಿನ ಸಂದಿಯಿಂದ ಉಸ್ಸೆಂದು ಹಬೆ.
ಹಿಂದಿನ ಸೀಟು ಕಿತ್ತು ಇಟ್ಟ ಪೆಟ್ಟಿಗೆಗಳಲ್ಲಿ
ಐಸಿನ ಮೇಲೆ ಮೀನು.
ಮುಂದೆ ಕುದಿಯುವ ನೀರು, ಹಿಂದೆ ಕರಗುವ ನೀರು,
ನಡುವೆ ಸ್ಟಿಯರಿಂಗು ಹಿಡಿದು ಕೂತ ಅವಳು.

ನನ್ನ ಬಳಿ ಬರುವ ಮುನ್ನ ಇಬ್ಬರು ಕೈಯಾಡಿಸಿದ್ದರು.
ಒಬ್ಬ ಥರ್ಮೋಸ್ಟಾಟು ಬದಲಿಸಿದ್ದ.
ಇನ್ನೊಬ್ಬ ಅದನ್ನೂ ಕಿತ್ತೆಸೆದು
ಬಾಗಿಲಿಲ್ಲದ ಮನೆಗೆ ಸೆಕೆಯೆಲ್ಲಿಯದು ಅಂದನಂತೆ.
ನಾನು ನಕ್ಕೆ. ಆಮೇಲೆ ಕೇಳಿದೆ:
ನಿಂತಾಗ ಕಾಯುತ್ತೋ, ಏರುವಾಗಲೋ?
ನಿಂತಾಗ ಕಾದರೆ ಫ್ಯಾನಿನ ತಪ್ಪು,
ಏರುವಾಗ ಕಾದರೆ ನೀರಿನ ದಾರಿಯ ತಪ್ಪು,
ನಮ್ಮ ಕಸುಬಿನ ಕಾಗುಣಿತ ಇಷ್ಟೇ.
"ಸಂತೆಯಲ್ಲಿ ಗಂಟೆಗಟ್ಟಲೆ ಚಾಲೂ ಇಟ್ಟರೂ
ಹಸುವಿನ ಹಾಗೆ ನಿಂತಿರುತ್ತೆ" ಅಂದಳು.

ಎಣ್ಣೆಯ ಮುಚ್ಚಳ ತಿರುವಿದೆ, ಒಳಗೆ ಮಜ್ಜಿಗೆ ಕಟ್ಟಿರಲಿಲ್ಲ.
ಹೊಗೆಗೊಳವೆಗೆ ಮೂಗು ಹಿಡಿದೆ, ಹಬೆಯ ವಾಸನೆಯಿಲ್ಲ.
ರೇಡಿಯೇಟರಿನ ಮೈಯುದ್ದಕ್ಕೂ ಅಂಗೈ ಆಡಿಸಿದೆ,
ತಣ್ಣನೆಯ ಜಾಗಕ್ಕಾಗಿ,
ಜ್ವರದ ಮಗುವಿನ ಹೊಟ್ಟೆ ಮುಟ್ಟುವ ಹಾಗೆ.
ಎಡಮೂಲೆಯಲ್ಲಿ ಒಂದಿಷ್ಟು ತಂಪು.
ಸಿಕ್ಕಿತು ಅಂದುಕೊಂಡೆ.
ಬಿಚ್ಚಿ, ತೊಳೆದು, ಕಿಲುಬು ಕಳೆದು, ದುಡ್ಡು ಇಸಕೊಂಡೆ.

ಹನ್ನೊಂದನೇ ದಿನ ಮತ್ತೆ ಬಂದಳು.
ಬೈಯಲಿಲ್ಲ. ಅದೇ ಕಷ್ಟವಾಯಿತು.
ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ,
ಮುಚ್ಚಳದ ಸ್ಪ್ರಿಂಗು ಸೋತಿರಬೇಕು ಎಂದು
ಗಾಳಿಯನ್ನು ದೂರಿ ಹೊಸ ಮುಚ್ಚಳ ಹಾಕಿ ಕಳಿಸಿದೆ.
ಮೂರನೇ ಸಲ ಅವಳು ಬಂದಾಗ
ದೂರಲು ಏನೂ ಉಳಿದಿರಲಿಲ್ಲ.

ಮೆಹಾರಿ ಸೇನೆಗೆ ಹೋದಾಗಿನಿಂದ
ನಾನೊಬ್ಬನೇ ಈ ಗರಾಜಿನಲ್ಲಿ.
ಸ್ಪ್ಯಾನರ್ ಕೇಳಿ ಕೈ ಚಾಚುತ್ತೇನೆ ಈಗಲೂ,
ಕೈ ಖಾಲಿಯೇ ಹಿಂದೆ ಬರುತ್ತದೆ.

ಅವಳೇ ಅಂದಳು, ಗೋಣಿಯ ಮೇಲೆ ಕೂತು:
"ಕಿಬ್ರಿಯಾಬ್, ನೀನು ನೋಡುವಾಗೆಲ್ಲ
ಅದು ಸುಮ್ಮನೆ ನಿಂತಿರುತ್ತೆ.
ನನ್ನ ಕಾಲು ಒತ್ತುವಾಗ ತಾನೆ ಅದಕ್ಕೆ ಸಂಕಟ?
ನಾನು ಒತ್ತುತ್ತೇನೆ. ನೀನು ಕೆಳಗೆ ಹೋಗು."

ಬೆನ್ನಡಿ ರಟ್ಟು ಹಾಸಿ ನುಸುಳಿದೆ, ಬಾಯಲ್ಲಿ ಟಾರ್ಚು.
ಒತ್ತು, ಅಂದೆ. ಇನ್ನೂ. ಇನ್ನೂ.
ಎಂಜಿನ್ನು ಏರಿನ ಸದ್ದು ಮಾಡತೊಡಗಿದಾಗ
ಕೆಳಗಿನ ಪೈಪು, ದುಂಡಗೆ, ಹೊಚ್ಚ ಹೊಸದರಂತೆ ಇದ್ದದ್ದು,
ಎಳನೀರಿನ ಕೊನೆಯ ಗುಟುಕಿಗೆ ಕೆನ್ನೆ ಒಳಗೆಳೆದ ಹಾಗೆ
ಚಪ್ಪಟೆಯಾಯಿತು.
ಪಂಪು ಹೀರುತ್ತಿದೆ, ಗಂಟಲು ಮುಚ್ಚಿದೆ.
ಬಿಡು! ಮತ್ತೆ ದುಂಡಗೆ.
ಒತ್ತು! ಮತ್ತೆ ಚಪ್ಪಟೆ.
ಗೊತ್ತಾದ ಮೇಲೂ ನಾಲ್ಕು ಸಲ ಒತ್ತಿಸಿದೆ,
ಸುಳ್ಳು ಹೇಳುವುದಿಲ್ಲ, ಖುಷಿಗೆ.

ಪೈಪಿನ ಒಳಗಿದ್ದ ಸುರುಳಿತಂತಿ ತುಕ್ಕು ತಿಂದು
ಬೆರಳಿಗೆ ಹುಡಿಯಾಗಿ ಹತ್ತಿತು.
ಆ ಕಂಪನಿಯ ಪೈಪು ಈಗ ಎಲ್ಲಿ ಸಿಗಬೇಕು?
ಮೆದೆಬೆರಿನ ಕುಲುಮೆಗಳ ಸಾಲಿನಲ್ಲಿ ವೆಲ್ದು ಎಂಬುವನು
ಹಳೆಯ ಮಂಚದ ತಂತಿಯನ್ನು ಕೊಳವೆಗೆ ಸುತ್ತಿ
ಕಾಲುಗಂಟೆಯಲ್ಲಿ ಕೈಗಿತ್ತ.
ರೇಡಿಯೇಟರಿನ ದುಡ್ಡು ವಾಪಸು ಕೊಟ್ಟೆ.
ಎಣಿಸಿಕೊಂಡಳು, ಎರಡು ಸಲ.

ಪರೀಕ್ಷೆಗೆಂದು ಅವಳ ಜೊತೆ ಕಡಲಿಂದ ಏರಿದೆ.
ಗಿಂದಾ ಕಳೆಯಿತು, ನೆಫಾಸಿತ್ ಕಳೆಯಿತು,
ಕಿಟಕಿಗೆ ಮಂಜು, ಮುಳ್ಳು ನಡುವಲ್ಲೇ.
ಇಬ್ಬರೂ ಮಾತಾಡಲಿಲ್ಲ, ಕಣ್ಣು ಬಿದ್ದೀತೆಂದು.
ಮೂರನೇ ತಿರುವಿನಲ್ಲಿ ಒಬ್ಬ ಹುಡುಗ,
ಹಳದಿ ಕ್ಯಾನು ಹಿಡಿದು ಎದ್ದು ನಿಂತಿದ್ದ.
ಅವಳಿಗೆ ನೀರು ಮಾರುವವನು,
ನಮ್ಮ ಸದ್ದು ದೂರದಿಂದಲೇ ಗುರುತು.
ಹಬೆಯಿಲ್ಲದ ಬಾನೆಟ್ಟು ನೋಡಿ
ಕ್ಯಾನು ಮೆಲ್ಲಗೆ ಕೆಳಗಿಟ್ಟ.

ಲೆತೆಬ್ರಹಾನ್ ಬ್ರೇಕು ಹಾಕಿದಳು.
ಇಳಿದು, ಕ್ಯಾನು ಕೊಂಡು,
ಮೀನಿನ ಪೆಟ್ಟಿಗೆಗಳ ಮೇಲೆ ಸುರಿದಳು.
ಅವನು ಎಂದಿನ ದರವನ್ನೇ ಕೇಳಿದ.
ಅವಳು ಎಂದಿನಂತೆ ಚೌಕಾಸಿ ಮಾಡಿದಳು.